ಮಗನಿಗೆ ದೊಡ್ಡ ಕ್ಲಬ್ಬಿನಿಂದ ಕರೆ ಬಂದಿದೆ, ಕಳಿಸೋದಾ ಬೇಡವಾ? ಜರ್ಮನಿಯ ಐಸ್ ಹಾಕಿ ಬಲ್ಲವರು ಹೇಳಿ

ಆಲ್ಗೊಯ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗ. ಹನ್ನೊಂದು ವರ್ಷದಿಂದ ಜರ್ಮನಿಯ ದಕ್ಷಿಣದಲ್ಲಿ, ಆಲ್ಗೊಯ್ ಕಡೆಯ ಸಣ್ಣ ಊರೊಂದರಲ್ಲಿ ಇದ್ದೇವೆ. ಮಗನಿಗೆ ಈಗ 14. ಐದು ವರ್ಷದವನಿದ್ದಾಗ ಇಲ್ಲಿನ ಕ್ಲಬ್ಬಿನ ಲೌಫ್‌ಶೂಲೆಗೆ ಹಾಕಿದ್ದೆವು. ಐಸ್ ಮೇಲೆ ನಿಲ್ಲೋದು, ಬೀಳೋದು, ಎದ್ದೇಳೋದು ಕಲಿಸುವ ಕ್ಲಾಸು. ಚಳಿಗಾಲ ಪೂರ್ತಿ ಹುಡುಗ ಮನೆಯೊಳಗೆ ಕೂರದಿರಲಿ, ನಮಗೆ ಬೇಕಿದ್ದದ್ದು ಅಷ್ಟೇ. ಹೆಲ್ಮೆಟ್ಟು, ಪ್ಯಾಡು ಎಲ್ಲ ಕ್ಲಬ್ಬಿನವರೇ ಹಳೇದು ಕೊಟ್ಟರು. ಮೊದಲ ದಿನ ಕುರ್ಚಿ ತಳ್ಳಿಕೊಂಡು ಅಳುತ್ತಾ ಹೋದವನು ಈಗ ಹಿಮ್ಮುಖವಾಗಿ ಹೋಗೋ ಸ್ಪೀಡಿಗೆ ನಾನು ಮುಂದಕ್ಕೆ ಓಡಲಾರೆ.

ವಿಷಯ ಏನಂದ್ರೆ, ನಮ್ಮ ಕ್ಲಬ್ಬಿನ ದೊಡ್ಡವರ ತಂಡ ಹೋದ ವರ್ಷ ಸಾಲ ಮಾಡಿಕೊಂಡು ಕೈ ಎತ್ತಿತು. ಪೆಟ್ಟು ಬಿದ್ದದ್ದು ಮಕ್ಕಳಿಗೆ. ಸಂಬಳದ ಕೋಚ್ ಇಬ್ಬರಿದ್ದರು, ಒಬ್ಬರಾದರು. 13 ಮತ್ತು 15ರ ಒಳಗಿನ ಎರಡು ತಂಡಗಳಿಗೆ ಒಂದೇ ಹೊತ್ತಿಗೆ ಅರ್ಧರ್ಧ ಐಸ್. ಸೋಮವಾರ ಶಾಲೆಗೆ ಮುಂಚೆ ಬೆಳಿಗ್ಗೆ 6:20ಕ್ಕೆ ಪ್ರಾಕ್ಟೀಸು. ಶನಿವಾರ ಸಂಜೆಯ ಒಳ್ಳೇ ಟೈಮನ್ನು ಊರವರು ದುಡ್ಡು ಕೊಟ್ಟು ಸ್ಕೇಟ್ ಮಾಡೋಕೆ ಬಿಟ್ಟಿದ್ದಾರೆ, ಅದರಿಂದಲೇ ಕ್ಲಬ್ಬಿಗೆ ಕಾಸು.

ಈಗ 300 ಕಿಲೋಮೀಟರ್ ದೂರದ ದೊಡ್ಡ ಕ್ಲಬ್ಬಿನ ಅಕಾಡೆಮಿಯಿಂದ ಕರೆ ಬಂದಿದೆ. ಅಲ್ಲೇ ಹಾಸ್ಟೆಲ್, ಅಲ್ಲೇ ಶಾಲೆ. ಹೆಂಡತಿ ಬೇಡ ಅಂತಾಳೆ. ಮಗ ಏನೂ ಹೇಳುತ್ತಿಲ್ಲ, ಸುಮ್ನೆ ಸ್ಟಿಕ್ಕಿಗೆ ಟೇಪ್ ಸುತ್ತುತ್ತಾ ಕೂರುತ್ತಾನೆ. ಈ ದೇಶದಲ್ಲಿ ಈ ಆಟಕ್ಕೆ ಭವಿಷ್ಯ ಇದೆಯಾ?

ಮಾನ್‌ಹೈಮ್ ಮೂರ್ತಿ

ಕಳಿಸಿ ಸರ್, ಎರಡು ಮಾತಿಲ್ಲ. ನಾನು ವಾಲ್ಡಾರ್ಫಿನಲ್ಲಿ ಕೆಲಸ ಮಾಡೋನು, ಹತ್ತು ವರ್ಷದಿಂದ ಆಡ್ಲರ್ ಮಾನ್‌ಹೈಮ್ ಸೀಸನ್ ಟಿಕೆಟ್ ಇಟ್ಟುಕೊಂಡಿದ್ದೇನೆ. ಇಲ್ಲಿನ ಮಕ್ಕಳ ವಿಭಾಗಕ್ಕೆ ಯುಂಗ್‌ಆಡ್ಲರ್ ಅಂತ ಹೆಸರು, ಮರಿ ಹದ್ದುಗಳು ಅಂದ ಹಾಗೆ. ಲಿಯೋನ್ ಡ್ರೈಸೈಟಲ್ ಕೊಲೋನ್ ಹುಡುಗ, ಬೆಳೆದದ್ದು ಇಲ್ಲಿ. 2014ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ (ಅಮೆರಿಕ-ಕೆನಡಾದ ದೊಡ್ಡ ಲೀಗಿನ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸೋದು) ಮೂರನೆಯವನು, 2020ರಲ್ಲಿ ಆ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ. ಮೊರಿಟ್ಸ್ ಸೈಡರ್ ಎರ್‌ಫುರ್ಟ್‌ನಿಂದ ಬಂದ, 2019ರಲ್ಲಿ ಆಡ್ಲರ್ ಜೊತೆ ಚಾಂಪಿಯನ್ ಆದ, ಅದೇ ವರ್ಷ ಡೆಟ್ರಾಯ್ಟ್ ಆರನೇ ಸ್ಥಾನದಲ್ಲಿ ಎತ್ತಿಕೊಂಡಿತು. ಟಿಮ್ ಸ್ಟ್ಯುಟ್ಸ್ಲೆ ಕ್ರೇಫೆಲ್ಡ್ ಕಡೆಯವನು, 2020ರಲ್ಲಿ ಅವನೂ ಮೂರನೆಯವನು. ಈ ಮೂವರೂ ಅವರವರ ಊರಲ್ಲೇ ಉಳಿದಿದ್ದರೆ?

ಕೊಲೋನ್ ಕಾವೇರಿ

ಮೂರ್ತಿ ಅವರೆ, ಮೂರು ಹೆಸರು ಹೇಳಿದಿರಿ. ಆ ಮೂವರ ಜೊತೆ ಅದೇ ಡ್ರೆಸ್ಸಿಂಗ್ ರೂಮಲ್ಲಿ ಕೂತಿದ್ದ ಇನ್ನಿಪ್ಪತ್ತು ಹುಡುಗರು ಎಲ್ಲಿದ್ದಾರೆ?

ಹಾಗಂತ ಕಳಿಸಬೇಡಿ ಅನ್ನುತ್ತಿಲ್ಲ. ಹುಡುಗನಿಗೆ 19 ಆದಾಗ ಏನಾಗುತ್ತೆ ಅನ್ನೋದನ್ನ ಮೊದಲು ನೋಡಿ ಅಂತ. ಜರ್ಮನಿಯ ಕಷ್ಟ ಇರೋದು 14ರಲ್ಲಿ ಅಲ್ಲ, 19ರಲ್ಲಿ.

ಮೇಲಿನ ಲೀಗು ಡಿಇಎಲ್. ಒಂದು ಪಂದ್ಯಕ್ಕೆ ಒಂಬತ್ತು ಜನ ವಿದೇಶಿ ಆಟಗಾರರನ್ನು ಇಳಿಸಬಹುದು. ಕೆನಡಾ, ಅಮೆರಿಕ, ಸ್ವೀಡನ್‌ನಿಂದ ಬರುವ 28-30ರ ತಯಾರಿ ಆಟಗಾರರು. ಇದರ ಮೇಲೆ ಅಜ್ಜನೋ ಮುತ್ತಜ್ಜಿಯೋ ಜರ್ಮನ್ ಅಂತ ಪಾಸ್‌ಪೋರ್ಟ್ ಮಾಡಿಸಿಕೊಂಡ ಕೆನಡಾದವರು ಬೇರೆ. ಅವರು ಲೆಕ್ಕದಲ್ಲಿ ಜರ್ಮನ್ನರು. ಯುರೋಪಿಯನ್ ಒಕ್ಕೂಟದ ಆಟಗಾರರನ್ನು ತಡೆಯೋ ಹಾಗಿಲ್ಲ ಅಂತ 1995ರಲ್ಲಿ ಬೋಸ್ಮನ್ ತೀರ್ಪು ಬಂದಮೇಲಂತೂ ಇಲ್ಲಿ ಬಾಗಿಲು ಪೂರ್ತಿ ತೆಗೆದಿತ್ತು. ಆ ಕಾಲಕ್ಕೆ ಹೋಲಿಸಿದರೆ ಈಗ ಎಷ್ಟೋ ಮೇಲು.

ಐಸ್ ಹಾಕಿಯಲ್ಲಿ ಐದೈದು ಜನ ಒಟ್ಟಿಗೆ ಇಳಿಯುತ್ತಾರೆ, ಮುಕ್ಕಾಲು ನಿಮಿಷಕ್ಕೆಲ್ಲ ಬದಲಾಗುತ್ತಾರೆ. ಇಂಥ ನಾಲ್ಕು ಲೈನು. ಮೊದಲ ಎರಡು ಲೈನಿನಲ್ಲಿ ವಿದೇಶಿಯರೇ ಜಾಸ್ತಿ. ಎದುರಾಳಿ ಒಬ್ಬ ಪೆನಾಲ್ಟಿಗೆ ಹೋಗಿ ಕೂತಾಗ ಸಿಗುವ ಪವರ್‌ಪ್ಲೇ ಕೂಡ ಅವರಿಗೇ. ನಮ್ಮ 19ರ ಹುಡುಗ ನಾಲ್ಕನೇ ಲೈನಿನಲ್ಲಿ. 60 ನಿಮಿಷದ ಆಟದಲ್ಲಿ ಅವನಿಗೆ ಸಿಗೋದು ಐದಾರು ನಿಮಿಷ. ಪಂದ್ಯ ಬಿಗಿಯಾದರೆ ಕೊನೆಯ ಇಪ್ಪತ್ತು ನಿಮಿಷ ಅದೂ ಇಲ್ಲ. 23ರ ಒಳಗಿನ ಹುಡುಗರಿಗೆ ಒಂದಷ್ಟು ಜಾಗ ಇಡಲೇಬೇಕು ಅಂತ ಲೀಗು ನಿಯಮ ತಂದಿದೆ, ಒಳ್ಳೇದೇ. ಆದರೆ ಪಟ್ಟಿಯಲ್ಲಿ ಹೆಸರು ಇರಬೇಕು ಅನ್ನುತ್ತದೆ ನಿಯಮ, ಆಡಿಸಬೇಕು ಅನ್ನೋದಿಲ್ಲ. ಬೆಂಚಿನ ಬಾಗಿಲು ತೆಗೆದು ಹಾಕೋಕೆ ಇಟ್ಟುಕೊಂಡಿದ್ದಾರೆ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಜೋಕು ಮಾಡುತ್ತಾರೆ.

ಸುಮ್ನೆ ಓದುಗ

ಬೆಂಗಳೂರಿಂದ ಒಂದು ದಡ್ಡ ಪ್ರಶ್ನೆ. ಹುಡುಗರನ್ನು ಆಡಿಸೋಕೆ ಕೋಚ್‌ಗಳಿಗೆ ಅಷ್ಟು ಭಯ ಯಾಕೆ? ಐಪಿಎಲ್ ತರ ಅಲ್ವಾ ಇದು? ಸೋತರೂ ಮುಂದಿನ ವರ್ಷ ತಂಡ ಇದ್ದೇ ಇರುತ್ತಲ್ಲ.

ಆಗ್ಸ್‌ಬುರ್ಗ್ ಆಚಾರ್

ದಡ್ಡ ಪ್ರಶ್ನೆ ಅಲ್ಲ ಮಾರಾಯ್ರೆ, ಇದೇ ಮುಖ್ಯ ಪ್ರಶ್ನೆ. ಮೊದಲು ಐಪಿಎಲ್ ತರವೇ ಇತ್ತು. 1994ರಲ್ಲಿ ಹಳೇ ಬುಂಡೆಸ್‌ಲೀಗಾ ತೆಗೆದು ಡಿಇಎಲ್ ಮಾಡಿದರು. ಕ್ಲಬ್ಬುಗಳು ದಿವಾಳಿ ಆಗೋದು ತಪ್ಪಲಿ, ಅಮೆರಿಕದವರ ಹಾಗೆ ಕಂಪನಿ ತರ ನಡೆಯಲಿ ಅಂತ. 18 ತಂಡ. ಮೊದಲ ಸೀಸನ್ನಿನ ಡಿಸೆಂಬರಿನಲ್ಲೇ ಹಾಲಿ ಚಾಂಪಿಯನ್ ಮ್ಯೂನಿಕ್ ತಂಡ ದುಡ್ಡಿಲ್ಲದೆ ಬಾಗಿಲು ಹಾಕಿತು. ಶುರುವೇ ಹಾಗೆ.

2006ರಿಂದ ಹೆಚ್ಚೂಕಡಿಮೆ ಹದಿನೈದು ವರ್ಷ ಮೇಲೆ ಹೋಗೋದು ಕೆಳಗೆ ಇಳಿಯೋದು ಇರಲಿಲ್ಲ. ಕೆಳಗಿನ ಊರುಗಳು ಗೆದ್ದು ಗೆದ್ದು ಸುಸ್ತು. 2021ರಿಂದ ಮತ್ತೆ ಶುರು ಮಾಡಿದ್ದಾರೆ. ಈಗ ಕೊನೆಯಲ್ಲಿದ್ದವರು ಎರಡನೇ ಹಂತದ ಲೀಗು ಡಿಇಎಲ್-2ಕ್ಕೆ ಇಳಿಯಬೇಕು. ಆದರೆ ಮೇಲೆ ಬರೋಕೆ ಗೆದ್ದರೆ ಸಾಲದು. ಮೊದಲೇ ಅರ್ಜಿ ಹಾಕಿರಬೇಕು, ದುಡ್ಡಿನ ಖಾತ್ರಿ ಕೊಡಬೇಕು, ಸ್ಟೇಡಿಯಂಗೆ 9,000 ಅಂಕದ ಪಟ್ಟಿ ಇದೆ, ಸೀಟೆಷ್ಟು, ಬೆಳಕೆಷ್ಟು ಅಂತ.

ಇದರ ತಮಾಷೆ ಕೇಳಿ. 2024ರಲ್ಲಿ ನಮ್ಮ ಆಗ್ಸ್‌ಬುರ್ಗ್ ಪ್ಯಾಂಥರ್ ಕೊನೆಯ ಸ್ಥಾನ. ಹೋಯ್ತು ಅಂದುಕೊಂಡೆವು. ಡಿಇಎಲ್-2 ಫೈನಲ್‌ನಲ್ಲಿ ಕಾಸೆಲ್ ಮತ್ತು ರೇಗನ್ಸ್‌ಬುರ್ಗ್. ಕಾಸೆಲ್ ಅರ್ಜಿ ಹಾಕಿತ್ತು, ರೇಗನ್ಸ್‌ಬುರ್ಗ್ ಹಾಕಿರಲಿಲ್ಲ. ಕಾಸೆಲ್ ಗೆದ್ದರೆ ನಾವು ಕೆಳಗೆ. ನಾನು ಜನ್ಮದಲ್ಲಿ ರೇಗನ್ಸ್‌ಬುರ್ಗ್ ಪಂದ್ಯ ನೋಡಿದವನಲ್ಲ, ಆ ಏಪ್ರಿಲ್‌ನಲ್ಲಿ ದೇವರಿಗೆ ದೀಪ ಹಚ್ಚಿ ಕೂತಿದ್ದೆ. ಅವರು ಗೆದ್ದರು, ನಾವು ಉಳಿದೆವು! ಗೆದ್ದವರು ಕೆಳಗೇ, ಸೋತವರು ಮೇಲೇ. ಅದಕ್ಕೆ ಹಿಂದಿನ ವರ್ಷ ರಾವೆನ್ಸ್‌ಬುರ್ಗ್ ಗೆದ್ದರೂ ಮೇಲೆ ಬರಲಿಲ್ಲ, ಆಗಲೂ ಬಚಾವಾದದ್ದು ನಾವೇ.

ಈಗ ನೀವೇ ಹೇಳಿ. ಫೆಬ್ರವರಿಯಲ್ಲಿ ತಂಡ ಕೊನೆಯಿಂದ ಎರಡನೆಯದು. ಕೋಚ್ 19ರ ಹುಡುಗನನ್ನು ಇಳಿಸುತ್ತಾನೋ, ಮೂವತ್ತರ ಕೆನಡಾದವನನ್ನೋ?

ಡ್ರೆಸ್ಡೆನ್ ದೇಸಾಯಿ

ಹಾಗಂತ ಬಾಗಿಲು ಮುಚ್ಚಿಬಿಡಬೇಕೇನ್ರೀ? ಧಾರವಾಡದವ ನಾನು, ಇಲ್ಲಿ ಎಂಎಸ್ ಮಾಡಾಕತ್ತೀನಿ. 2025ರ ವಸಂತದಲ್ಲಿ ನಮ್ಮ ಡ್ರೆಸ್ಡನರ್ ಐಸ್‌ಲ್ಯೋವೆನ್ ಗೆದ್ದು ಮೇಲೆ ಹೋದಾಗ ಊರಿಗೆ ಊರೇ ಬೀದಿಗೆ ಬಂದಿತ್ತು. ಕೆಳಗೆ ಇಳಿದದ್ದು ಯಾರು ಗೊತ್ತಾ? ಡ್ಯುಸೆಲ್‌ಡಾರ್ಫ್, ಎಂಟು ಸಲದ ಚಾಂಪಿಯನ್. 2027ರ ವಿಶ್ವ ಚಾಂಪಿಯನ್‌ಷಿಪ್ ನಡೆಯೋದು ಡ್ಯುಸೆಲ್‌ಡಾರ್ಫ್, ಮಾನ್‌ಹೈಮ್‌ನಲ್ಲಿ. ಕೆಳಗೆ ಇಳಿದ ಊರಿಗೇ ವಿಶ್ವದ ಅತಿಥಿಗಳು!

ಪೂರ್ವ ಜರ್ಮನಿಯ ಒಂದು ಕತೆ ಹೇಳ್ತೀನಿ. ಪೋಲೆಂಡ್ ಗಡಿ ಹತ್ತಿರ ವೈಸ್‌ವಾಸರ್ ಅಂತ ಗಾಜಿನ ಕಾರ್ಖಾನೆಗಳ ಊರು. ಒಲಿಂಪಿಕ್ಸ್‌ನಲ್ಲಿ ಒಂದೇ ಪದಕ ಸಿಗೋ ಆಟಕ್ಕೆ ಇಷ್ಟು ದುಡ್ಡು ಯಾಕೆ ಅಂತ ಅಲ್ಲಿನ ಸರ್ಕಾರ 1970ರ ಹೊತ್ತಿಗೆ ಐಸ್ ಹಾಕಿಗೆ ಕತ್ತರಿ ಹಾಕಿತು. ಉಳಿದದ್ದು ಎರಡೇ ತಂಡ, ಡೈನಾಮೋ ಬರ್ಲಿನ್ ಮತ್ತು ಡೈನಾಮೋ ವೈಸ್‌ವಾಸರ್. ಇಪ್ಪತ್ತು ವರ್ಷ ಇಬ್ಬರೇ ಲೀಗು ಆಡಿದರು! ಇಬ್ಬರಲ್ಲಿ ಒಬ್ಬ ಚಾಂಪಿಯನ್, ಇನ್ನೊಬ್ಬ ರನ್ನರ್ ಅಪ್. ನಗಬೇಡ್ರಿ. ಗೋಡೆ ಬಿದ್ದಮೇಲೆ ಬರ್ಲಿನ್ ತಂಡವನ್ನು ಅಮೆರಿಕದ ಅನ್‌ಷುಟ್ಸ್ ಕಂಪನಿ ಕೊಂಡಿತು, ಅದೇ ಇವತ್ತಿನ ಐಸ್‌ಬೇರನ್, 2025ಕ್ಕೆ 11 ಸಲ ಚಾಂಪಿಯನ್. ವೈಸ್‌ವಾಸರ್‌ನಲ್ಲಿ ಕಾರ್ಖಾನೆ ಮುಚ್ಚಿದವು, ಅರ್ಧಕ್ಕಿಂತ ಜಾಸ್ತಿ ಜನ ಊರು ಬಿಟ್ಟರು. ಆದರೂ ಡಿಇಎಲ್-2ರಲ್ಲಿ ತಂಡ ಇನ್ನೂ ನಿಂತಿದೆ. ಒಮ್ಮೆ ಪಂದ್ಯಕ್ಕೆ ಹೋಗಿದ್ದೆ, ಪಕ್ಕದಲ್ಲಿ ಕೂತ ಅಜ್ಜಿ ಹೆಣಿಗೆ ಹಾಕುತ್ತಾ ರೆಫರಿಗೆ ಬೈಯುತ್ತಿದ್ದಳು. ಕಣ್ಣು ಹೆಣಿಗೆ ಮೇಲೆ ಒಂದು ಸಲವೂ ಇರಲಿಲ್ಲ.

ಆಲ್ಗೊಯ್ ಅಪ್ಪ

ಇಷ್ಟೆಲ್ಲ ಬರೆದದ್ದಕ್ಕೆ ಥ್ಯಾಂಕ್ಸ್. ನಮ್ಮ ಪಕ್ಕದ ಫ್ಯೂಸನ್ ಕತೆಯೂ ಇಂಥದ್ದೇ. ಜರ್ಮನಿಯ 16 ಸಲದ ಚಾಂಪಿಯನ್, ರಾಷ್ಟ್ರೀಯ ತರಬೇತಿ ಕೇಂದ್ರ ಇರುವ ಊರು. 2015ರಲ್ಲಿ ದಿವಾಳಿಯಾಗಿ ಎಲ್ಲಕ್ಕಿಂತ ಕೆಳಗಿನ ಜಿಲ್ಲಾ ಲೀಗಿನಿಂದ ಮತ್ತೆ ಶುರು ಮಾಡಿದರು.

ಕೊಲೋನ್ ಕಾವೇರಿ

ಫ್ಯೂಸನ್ ಹೆಸರನ್ನಾದರೂ ಉಳಿಸಿಕೊಂಡಿತು. ಲಾಂಡ್ಸ್‌ಹೂಟ್ ಕತೆ ಕೇಳಿ, ನನಗೆ ಇದೇ ಇಡೀ ಡಿಇಎಲ್ ಕತೆ ಅನ್ನಿಸುತ್ತೆ. ಬವೇರಿಯಾದ ಸಣ್ಣ ಪಟ್ಟಣ, ಎರಡು ಸಲದ ಚಾಂಪಿಯನ್. 1999ರಲ್ಲಿ ನಡೆಸೋಕಾಗದೆ ಲೀಗಿನಲ್ಲಿ ಆಡುವ ಲೈಸೆನ್ಸನ್ನು ಅನ್‌ಷುಟ್ಸ್ ಕಂಪನಿಗೆ ಮಾರಿದರು. ಅದು ಮ್ಯೂನಿಕ್ ಬ್ಯಾರನ್ಸ್ ಆಯಿತು, ಮರುವರ್ಷವೇ ಚಾಂಪಿಯನ್. ಮ್ಯೂನಿಕ್‌ನಲ್ಲಿ ಲಾಭ ಬರಲಿಲ್ಲ, 2002ರಲ್ಲಿ ಲೈಸೆನ್ಸನ್ನು ಹ್ಯಾಂಬುರ್ಗ್‌ಗೆ ಹೊತ್ತುಕೊಂಡು ಹೋಗಿ ಫ್ರೀಜರ್ಸ್ ಮಾಡಿದರು. ಅಲ್ಲಿಯೂ ಸಾಕು ಅನ್ನಿಸಿ 2016ರಲ್ಲಿ ತಂಡವನ್ನೇ ನಿಲ್ಲಿಸಿದರು. ಅಭಿಮಾನಿಗಳು, ಆಟಗಾರರು ದುಡ್ಡು ಒಟ್ಟು ಮಾಡೋಕೆ ಓಡಾಡಿದರು, ಉಪಯೋಗ ಆಗಲಿಲ್ಲ.

ಲಾಂಡ್ಸ್‌ಹೂಟ್‌ನವರು ಏನು ಮಾಡಿದರು? ಕೆಳಗಿನ ಲೀಗಿನಲ್ಲಿ ಆಡುತ್ತಾ ಮಕ್ಕಳಿಗೆ ಕಲಿಸೋದನ್ನ ಬಿಡಲಿಲ್ಲ. ಆ ಊರಿನ ಟಾಮ್ ಕ್ಯೂನ್‌ಹಾಕ್ಲ್ 2016, 2017 ಎರಡೂ ವರ್ಷ ಪಿಟ್ಸ್‌ಬರ್ಗ್ ಜೊತೆ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ. ಲೈಸೆನ್ಸು ಊರೂರು ತಿರುಗಿ ಸತ್ತ ವರ್ಷವೇ ಆ ಊರಿನ ಹುಡುಗ ಕಪ್ ಎತ್ತಿದ್ದು ನೋಡಿ. ಅಷ್ಟು ಮಾಡಿದ ಊರಿಗೆ ಲೀಗಿನಿಂದ ಏನು ಬಂತು?

ಪೊನ್ನಂಪೇಟೆ ಹುಡುಗ

ಹುಲ್ಲಿನ ಮೇಲಿನ ಹಾಕಿಯವನು ನಾನು, ಮಧ್ಯೆ ಬಾಯಿ ಹಾಕಬಹುದಾ? ಸಣ್ಣ ಊರು ಆಟಗಾರರನ್ನು ಕೊಡೋದು ಅಂದರೆ ನಮಗೆ ಗೊತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿದವು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ. ನಮ್ಮಲ್ಲಿ ಒಂದು ಮೈದಾನ, ನಾಲ್ಕು ಸ್ಟಿಕ್ ಇದ್ದರೆ ಆಟ ಶುರು. ಅಲ್ಲಿ ಯಾಕೆ ಇಷ್ಟು ಖರ್ಚು?

ಆಲ್ಗೊಯ್ ಅಪ್ಪ

ಮೈದಾನವನ್ನೇ ದಿನಾ ತಯಾರು ಮಾಡಬೇಕಲ್ಲ! 60 ಮೀಟರ್ ಉದ್ದ, 30 ಮೀಟರ್ ಅಗಲದ ಫ್ರಿಜ್ಜು ಅಂದುಕೊಳ್ಳಿ, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಆರಿಸೋ ಹಾಗಿಲ್ಲ. ಕೆಳಗೆ ಪೈಪುಗಳಲ್ಲಿ ತಣ್ಣನೆಯ ದ್ರವ ಓಡುತ್ತಿರುತ್ತೆ. ಪ್ರತಿ ಪ್ರಾಕ್ಟೀಸ್ ಆದಮೇಲೆ ಯಂತ್ರ ಬಂದು ಮೇಲ್ಪದರ ಕೆರೆದು ಬಿಸಿನೀರು ಹಾಯಿಸಿ ಹೊಸ ಪದರ ಕೂರಿಸುತ್ತೆ. ನಮ್ಮ ಊರಲ್ಲಿ ಆ ಯಂತ್ರ ಓಡಿಸೋ ಅಜ್ಜನೇ ಟಿಕೆಟ್ ಹರಿಯುತ್ತಾನೆ, ಸ್ಕೇಟಿಗೆ ಸಾಣೆ ಹಿಡಿಯುತ್ತಾನೆ. 2022ರಲ್ಲಿ ಕರೆಂಟ್, ಗ್ಯಾಸ್ ರೇಟು ಏರಿದಾಗ ಐಸ್ ಹಾಕೋದೋ ಬೇಡವೋ ಅಂತ ಪುರಸಭೆಯಲ್ಲಿ ಎರಡು ತಿಂಗಳು ಜಗಳ. ಹಳೇ ಹಾಲ್‌ಗಳ ಚಿಂತೆ ಬೇರೆ. 2006ರ ಜನವರಿಯಲ್ಲಿ ಬಾಡ್ ರೈಖನ್‌ಹಾಲ್‌ನಲ್ಲಿ ಹಿಮ ತುಂಬಿ ಸ್ಕೇಟಿಂಗ್ ಹಾಲಿನ ಛಾವಣಿ ಕುಸಿದು 15 ಜನ ಸತ್ತರು, ಹೆಚ್ಚಿನವರು ಮಕ್ಕಳು. ಈಗಲೂ ಜೋರು ಹಿಮ ಬಿದ್ದ ದಿನ ನನ್ನ ಹೆಂಡತಿ ಮೊದಲು ಛಾವಣಿ ನೋಡುತ್ತಾಳೆ, ಆಮೇಲೆ ಆಟ.

ಮಾನ್‌ಹೈಮ್ ಮೂರ್ತಿ

ಎಲ್ಲರೂ ಅಳುತ್ತಾ ಕೂತರೆ ಹೇಗೆ? ಒಳ್ಳೇದನ್ನೂ ಹೇಳಿ. ಫ್ರಾಂಟ್ಸ್ ರೈಂಡ್ಲ್ ಫೆಡರೇಷನ್ ಅಧ್ಯಕ್ಷರಾದಮೇಲೆ ಪವರ್‌ಪ್ಲೇ 26 ಅಂತ ಯೋಜನೆ ತಂದರು. 2026ರ ಹೊತ್ತಿಗೆ ಪದಕಕ್ಕೆ ಆಡುವ ದೇಶ ಆಗಬೇಕು ಅಂತ ಗುರಿ. (ರೈಂಡ್ಲ್ ಸ್ವತಃ 1976ರ ಇನ್ಸ್‌ಬ್ರುಕ್ ಕಂಚಿನ ತಂಡದವರು. ಆವತ್ತು ಕಂಚು ಸಿಕ್ಕಿದ್ದು ಗೋಲುಗಳ ಭಾಗಾಕಾರದ ಲೆಕ್ಕದಲ್ಲಿ. ಆಟಗಾರರು ಸೋತೆವು ಅಂದುಕೊಂಡು ಕೂತಿದ್ದರಂತೆ!) ಕ್ಲಬ್ಬುಗಳಿಗೆ ಹೋಟೆಲ್ ತರ ಸ್ಟಾರ್ ಕೊಡೋಕೆ ಶುರು ಮಾಡಿದರು, ಕೋಚ್ ಎಷ್ಟು, ಮಕ್ಕಳಿಗೆ ಐಸ್ ಟೈಮ್ ಎಷ್ಟು ಅಂತ ನೋಡಿ. 20ರ ಒಳಗಿನ ತಂಡ 2018ರ ಡಿಸೆಂಬರಿನಲ್ಲಿ ಫ್ಯೂಸನ್‌ನಲ್ಲೇ ಗೆದ್ದು ಮೇಲಿನ ಗುಂಪಿಗೆ ಬಂತು. 2020ರ ಡಿಸೆಂಬರಿನಲ್ಲಿ ಕೋವಿಡ್‌ನಿಂದ ಅರ್ಧ ತಂಡ ರೂಮಲ್ಲಿ, ಕೆನಡಾ ಎದುರು 16-2 ಸೋಲು. ಅದೇ ಹುಡುಗರು ಆಮೇಲೆ ಕ್ವಾರ್ಟರ್ ಫೈನಲ್ ಮುಟ್ಟಿದರು. ದೊಡ್ಡವರು 2018ರಲ್ಲಿ ಒಲಿಂಪಿಕ್ಸ್ ಬೆಳ್ಳಿ, 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ.

2018ರ ಫೈನಲ್ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳು ಏಳದ ಹಾಗೆ ಟಿವಿ ಮ್ಯೂಟ್ ಮಾಡಿ ನೋಡಿದ್ದೆ. ಸುಮಾರು ಎರಡು ನಿಮಿಷ ಉಳಿದಿದೆ, 3-2 ಮುಂದೆ, ರಷ್ಯನ್ನರ ಒಬ್ಬ ಪೆನಾಲ್ಟಿಯಲ್ಲಿ ಕೂತಿದ್ದಾನೆ. ಚಿನ್ನ ಬಂತು ಅಂತ ಹೆಂಡತಿಯನ್ನು ಎಬ್ಬಿಸೋಕೆ ಹೋದೆ. ವಾಪಸ್ ಬರೋಷ್ಟರಲ್ಲಿ 3-3. ಅವಳು ಇವತ್ತಿಗೂ ನನ್ನನ್ನೇ ಬೈಯುತ್ತಾಳೆ.

ಕೊಲೋನ್ ಕಾವೇರಿ

ನನಗೂ ಆ ಬೆಳಿಗ್ಗೆ ಮರೆಯೋದಿಲ್ಲ ಮೂರ್ತಿ ಅವರೆ. ಆದರೆ 2018ರಲ್ಲಿ ಆಡಿದವರು ಆ ಯೋಜನೆಗೆ ಮುಂಚೆಯೇ ಬೆಳೆದವರು. ಎನ್‌ಎಚ್‌ಎಲ್ ಆಟಗಾರರೂ ಆ ವರ್ಷ ಬಂದಿರಲಿಲ್ಲ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಹೆರ್ನಿಂಗ್‌ನಲ್ಲಿ ಡೆನ್ಮಾರ್ಕ್ ಎದುರು ಸೋತು ಗುಂಪಿನ ಹಂತದಲ್ಲೇ ಮನೆಗೆ ಬಂದೆವಲ್ಲ. ಮೇಲೆ ಐದಾರು ಜನ ಭರ್ಜರಿ ಇದ್ದಾರೆ, ಅವರ ಹಿಂದೆ ಸಾಲು ತೆಳ್ಳಗಿದೆ. ಎನ್‌ಎಚ್‌ಎಲ್ ಆಡುವ ಪೆಟೆರ್ಕಾ ಮ್ಯೂನಿಕ್ ಹುಡುಗ, ಅವನು ಕೂಡ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ಅಕಾಡೆಮಿಗೆ ಹೋಗಿ ಕಲಿತ. ಜನ ಬರೋದಿಲ್ಲ ಅಂತಲೂ ಅಲ್ಲ. ನಮ್ಮ ಕೊಲೋನಿನ ಹಾಯೆ ತಂಡದ ಪಂದ್ಯಕ್ಕೆ ಸೇರೋ ಜನ ಯುರೋಪಿನಲ್ಲೇ ಮೊದಲ ಸಾಲಿನಲ್ಲಿದೆ. ದುಡ್ಡು ಇದೆ, ಜನ ಇದ್ದಾರೆ. 19ರ ಹುಡುಗನಿಗೆ ಹದಿನೈದು ನಿಮಿಷ ಇಲ್ಲ.

ಮಾನ್‌ಹೈಮ್ ಮೂರ್ತಿ

ಅದಕ್ಕೇ ಅಲ್ವಾ ಡಬಲ್ ಲೈಸೆನ್ಸ್ ಇರೋದು? ಹುಡುಗ ಡಿಇಎಲ್ ತಂಡದಲ್ಲಿ ಹೆಸರಿಟ್ಟುಕೊಂಡೇ ಡಿಇಎಲ್-2 ತಂಡಕ್ಕೂ ಆಡಬಹುದು. ಅಲ್ಲಿ ವಿದೇಶಿಯರು ನಾಲ್ಕೇ. ನಿಮಿಷ ಜಾಸ್ತಿ ಸಿಗುತ್ತೆ.

ಕೊಲೋನ್ ಕಾವೇರಿ

ಸರಿ, ಅದನ್ನು ಒಪ್ಪುತ್ತೇನೆ. ಮಂಗಳವಾರ ಅಲ್ಲಿ, ಶುಕ್ರವಾರ ಇಲ್ಲಿ ಅಂತ ಬ್ಯಾಗ್ ಹೊತ್ತು ತಿರುಗೋ ಹುಡುಗರಲ್ಲೇ ಕೆಲವರು ನಿಲ್ಲುತ್ತಾರೆ.

ಮ್ಯೂನಿಕ್ ಮಾಲತಿ

ಇಲ್ಲಿವರೆಗೆ ಲೀಗಿನ ಕತೆಯೇ ಆಯ್ತು. ಅಪ್ಪನಿಗೆ ಉತ್ತರ ಯಾರೂ ಕೊಡಲಿಲ್ಲ, ನಾನು ಕೊಡುತ್ತೇನೆ.

ನನ್ನ ದೊಡ್ಡ ಮಗನನ್ನು 14ಕ್ಕೆ ಒಂದು ಅಕಾಡೆಮಿಗೆ ಕಳಿಸಿದ್ದೆವು. ಹೆಸರು ಬೇಡ. ಮೂರು ವರ್ಷ ಇದ್ದ. ಮೊದಲ ವರ್ಷ ಸ್ವರ್ಗ. ಎರಡನೇ ವರ್ಷ ಭುಜದ ಮೂಳೆ ಮುರೀತು, ಆರು ವಾರ ಆಡಲಿಲ್ಲ, ವಾಪಸ್ ಬಂದಾಗ ಅವನ ಜಾಗದಲ್ಲಿ ಬೇರೆ ಊರಿನ ಹುಡುಗ. ಯಾರೂ ಕೆಟ್ಟವರಲ್ಲ, ಕೋಚ್ ಕೂಡ ಒಳ್ಳೇ ಮನುಷ್ಯ. ಆದರೆ ಅಲ್ಲಿ ಯಾರಿಗೂ ಕಾಯೋಕೆ ಪುರುಸೊತ್ತಿಲ್ಲ. 17ಕ್ಕೆ ಮನೆಗೆ ಬಂದ. ಈಗ ಎಲೆಕ್ಟ್ರಿಷಿಯನ್ ತರಬೇತಿ ಮಾಡುತ್ತಿದ್ದಾನೆ, ಭಾನುವಾರ ಊರ ತಂಡದಲ್ಲಿ ಆಡುತ್ತಾನೆ, ಖುಷಿಯಾಗಿದ್ದಾನೆ. ನಾನೇ ಒಂದು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹೋಗಿ ನೋಡುವಾಗ ಟ್ರೋಫಿ ಕಪಾಟು ನೋಡಬೇಡಿ. ಮೂರು ವರ್ಷದ ಹಿಂದೆ ಸೇರಿದ ಹುಡುಗರು ಈಗ ಎಲ್ಲಿದ್ದಾರೆ ಅಂತ ಕೇಳಿ. ಹೆಸರು ಹಿಡಿದೇ ಕೇಳಿ, ಮುಜುಗರ ಬೇಡ. ಜ್ವರ ಬಂದರೆ ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ಗಣಿತದಲ್ಲಿ ಹಿಂದೆ ಬಿದ್ದರೆ ಯಾರು ಕೂರಿಸಿಕೊಂಡು ಹೇಳಿಕೊಡುತ್ತಾರೆ? ಅಡುಗೆಮನೆಯನ್ನೂ ನೋಡಿ. ಮತ್ತೆ, ನಿಮ್ಮ ಮನೆಯವರು ಬೇಡ ಅಂತಾರೆ ಅಂದಿರಲ್ಲ, ಅವರನ್ನೂ ಕರೆದುಕೊಂಡು ಹೋಗಿ. ಅಪ್ಪಂದಿರು ಐಸ್ ನೋಡಿ ಮರುಳಾಗುತ್ತಾರೆ.

ನನ್ನ ಚಿಕ್ಕವಳು ಈಗ ಹುಡುಗರ ತಂಡದಲ್ಲೇ ಆಡುತ್ತಾಳೆ, ಸುತ್ತಮುತ್ತ ಹುಡುಗಿಯರದ್ದೇ ತಂಡ ಇಲ್ಲ. ಬಟ್ಟೆ ಬದಲಾಯಿಸೋಕೆ ರೆಫರಿ ರೂಮು. ಆ ಕಷ್ಟಕ್ಕೆ ಬೇರೆಯೇ ಚರ್ಚೆ ಬೇಕು.

ಆಲ್ಗೊಯ್ ಅಪ್ಪ

ಮಾಲತಿ ಅಕ್ಕ, ನಿಮ್ಮ ಮಾತು ಹೆಂಡತಿಗೆ ಓದಿ ಹೇಳಿದೆ. "ಮೊದಲ ಸಲ ಬುದ್ಧಿ ಇರೋರು ಬರೆದಿದ್ದಾರೆ" ಅಂದಳು.

ಹೋದ ವಾರ ಮೂವರೂ ಹೋಗಿ ನೋಡಿ ಬಂದೆವು. ಐಸ್ ಹಾಲ್ ಎರಡು, ಜಿಮ್ಮು, ಓದೋ ಕೋಣೆ, ಎಲ್ಲ ಚೆಂದ. ಅಡುಗೆಮನೆಯೂ ಪಾಸು. ಹಳೇ ಹುಡುಗರು ಎಲ್ಲಿದ್ದಾರೆ ಅಂತ ಕೇಳಿದೆ. ಅಲ್ಲಿನ ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಹಾಳೆ ತಂದು ಒಂದೊಂದೇ ಹೆಸರು ಓದಿದರು. ಒಂಬತ್ತರಲ್ಲಿ ಒಬ್ಬ ಡಿಇಎಲ್-2ರಲ್ಲಿ, ಇಬ್ಬರು ಅದಕ್ಕೂ ಕೆಳಗಿನ ಓಬರ್‌ಲೀಗಾದಲ್ಲಿ, ಉಳಿದವರು ಬಿಟ್ಟಿದ್ದಾರೆ. ಮರೆಮಾಚದೆ ಹೇಳಿದರಲ್ಲ, ಅದು ನನಗೆ ಹಿಡಿಸಿತು.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಗ ಮೊದಲ ಸಲ ಬಾಯಿ ಬಿಟ್ಟ. "ನಾನು ಹೋದರೆ ನಮ್ಮ ಟೀಮಲ್ಲಿ ಹತ್ತೇ ಜನ ಉಳೀತಾರೆ ಅಪ್ಪ. ಆಮೇಲೆ ಪಕ್ಕದ ಊರಿನವರ ಜೊತೆ ಸೇರಿಸಿಬಿಡ್ತಾರೆ." ನಾನು ಪರಿಹಾರದ ಲೆಕ್ಕ ಹೇಳಿದೆ, ಹುಡುಗ ಹೋದರೆ ಕಲಿಸಿದ ಕ್ಲಬ್ಬಿಗೆ ಸ್ವಲ್ಪ ದುಡ್ಡು ಬರುತ್ತೆ ಅಂತ. "ದುಡ್ಡು ಡಿಫೆನ್ಸ್ ಆಡುತ್ತಾ?" ಅಂದ. ಹೆಂಡತಿ ಕಿಟಕಿ ಕಡೆ ತಿರುಗಿ ನಗುತ್ತಿದ್ದಳು.

ಜನವರಿವರೆಗೆ ಟೈಮ್ ಕೇಳಿದ್ದೇವೆ, ಕೊಟ್ಟಿದ್ದಾರೆ. ಈ ಶನಿವಾರ ಬೆಳಿಗ್ಗೆ ಎಂಟಕ್ಕೆ ಕೌಫ್‌ಬೋಯ್ರನ್‌ನಲ್ಲಿ ಪಂದ್ಯ. ನಾಲ್ಕು ಹುಡುಗರು, ನಾಲ್ಕು ಬ್ಯಾಗು ನನ್ನ ಕಾರಿನಲ್ಲಿ. ಆ ಒದ್ದೆ ಗ್ಲೌಸಿನ ವಾಸನೆ ಗೊತ್ತಲ್ಲ ನಿಮಗೆ. ಹೋದ ಸಲ ಊರಿಂದ ಬಂದಿದ್ದ ಅಮ್ಮ ಕಾರಿನಲ್ಲಿ ಇಲಿ ಸತ್ತಿದೆ ಅಂತ ಸೀಟೆಲ್ಲ ಎತ್ತಿ ಹುಡುಕಿದ್ದರು. ಮೈನಸ್ ನಾಲ್ಕು ಡಿಗ್ರಿ ಇದ್ದರೂ ಕಿಟಕಿ ತೆಗೆದೇ ಹೋಗಬೇಕು.